ಯಾರ ಹೆಗಲ ಮೇಲೆ ನಿಂತ ಮನೆ?

ಊಟಿ ಕ್ಲಬ್ಬಿನ ಚರಿತ್ರೆ ಹೇಳುವವರು ಮೊದಲು ಸ್ನೂಕರ್ ಮೇಜಿನ ಮುಂದೆ ನಿಂತು ಕೈ ಮುಗಿಯುತ್ತಾರೆ. ನೆವಿಲ್ ಚೇಂಬರ್ಲಿನ್ ಎಂಬ ಸೇನಾಧಿಕಾರಿ 1875ರಲ್ಲಿ ಜಬಲ್ಪುರದಲ್ಲಿ ಹುಟ್ಟಿಸಿದ ಆಟವಂತೆ. 1880ರ ದಶಕದ ಮೊದಲಲ್ಲಿ ಅದರ ನಿಯಮಗಳನ್ನು ಈ ಕ್ಲಬ್ಬಿನ ಗೋಡೆಗೆ ಹಾಕಿದರಂತೆ. ಆಮೇಲೆ ಬಿಳಿ ಕಂಬಗಳು, ಬೇಟೆಯಾಡಿ ತಂದ ಪ್ರಾಣಿಗಳ ತಲೆಗಳು. ಅಲ್ಲಿಗೆ ಚರಿತ್ರೆ ಮುಗೀತು.

ಗೆಳೆಯರೇ, ನಾವು ಕೇಳೋದು ಬೇರೆ. ಈ ಮನೆ ಎದ್ದದ್ದು ಯಾರ ನೆಲದಲ್ಲಿ? ಯಾರ ದುಡ್ಡಿನಲ್ಲಿ? ಇಲ್ಲಿಗೆ ಬಂದ ದೊರೆಗಳನ್ನು ಹೊತ್ತು ತಂದವರು ಯಾರು?

ನೆಲ ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1820ರ ದಶಕದಲ್ಲಿ ಅವರಿಂದ ಎಕರೆಗೆ ಒಂದು ರೂಪಾಯಿಯಂತೆ ಭೂಮಿ ಕೊಂಡನೆಂದು ಚರಿತ್ರೆಕಾರರೇ ಬರೆದಿದ್ದಾರೆ. ದಾರಿ ಬಿದ್ದ ಮೇಲೆ ದೊರೆಗಳು ಬಂದರು, ಬಂಗಲೆ ಬಂದವು.

ದುಡ್ಡಿನ ಕತೆ ಇನ್ನೂ ಹತ್ತಿರದ್ದು. 1830ರ ದಶಕದ ಮೊದಲಲ್ಲಿ ಈ ಮನೆ ಕಟ್ಟಿಸಿದವನು ಸರ್ ವಿಲಿಯಂ ರಂಬೋಲ್ಡ್. ಹೈದರಾಬಾದಿನ ಪಾಮರ್ ಕಂಪನಿಯ ಪಾಲುದಾರ. ನಿಜಾಮನ ಸರಕಾರಕ್ಕೆ ದುಬಾರಿ ಬಡ್ಡಿಗೆ ಸಾಲ ಕೊಟ್ಟು ಕೊಬ್ಬಿದ ಕಂಪನಿ ಅದು. 1820ರ ಒಂದೇ ಸಾಲ 60 ಲಕ್ಷ ರೂಪಾಯಿ. ನಮ್ಮ ಕಲಬುರಗಿ, ಬೀದರ, ರಾಯಚೂರು ಅಂದು ನಿಜಾಮನ ನೆಲವೇ. ದೊರೆ ಸಾಲ ಮಾಡಿದರೆ ಬಡ್ಡಿ ಕಟ್ಟೋನು ಯಾರು? ಕಂದಾಯ ತೆರುವ ಒಕ್ಕಲು, ಅವನ ಹೊಲದಲ್ಲಿ ಬೆವರು ಸುರಿಸಿದ ಜೀತದವನು. ಆ ಬೆವರು ನೀಲಗಿರಿಯ ತಂಪಿನಲ್ಲಿ ಕಂಬವಾಗಿ ನಿಂತಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಇನ್ನು ಹೆಗಲು. 1834ರಲ್ಲಿ ಮನೆ ಇನ್ನೂ ಹೊಸದು. ಆ ಜೂನಿನಲ್ಲಿ ಮೆಕಾಲೆ ಮದ್ರಾಸಿನಲ್ಲಿ ಹಡಗಿಳಿದ. ಗವರ್ನರ್ ಜನರಲ್ ಬೆಂಟಿಂಕ್ ಊಟಿಯಲ್ಲಿದ್ದ. ಅವನನ್ನು ಕಾಣಲು ಮೆಕಾಲೆ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಹಾದು ಸುಮಾರು 400 ಮೈಲಿ ಪಲ್ಲಕ್ಕಿಯಲ್ಲಿ ಬಂದ. ಹೊತ್ತವರು ಬೋಯಿಗಳು. ಮೆಕಾಲೆ ಕಂಡದ್ದು, ಉಂಡದ್ದು, ನೆನೆದದ್ದು ಎಲ್ಲ ಪುಸ್ತಕವಾಗಿದೆ. ಹೊತ್ತವರ ಹೆಸರು ನಾವು ಓದಿದ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಮರುವರ್ಷ, 1835ರ ಫೆಬ್ರವರಿಯಲ್ಲಿ, ಅದೇ ಮೆಕಾಲೆ ಶಿಕ್ಷಣದ ಟಿಪ್ಪಣಿ ಬರೆದ. ಎಲ್ಲರಿಗೂ ಕಲಿಸಲು ಆಗೋದಿಲ್ಲ, ಮೈಬಣ್ಣದಲ್ಲಿ ಇಲ್ಲಿಯವರಾಗಿ ರುಚಿಯಲ್ಲಿ ಇಂಗ್ಲಿಷರಾದ ಒಂದು ವರ್ಗವನ್ನು ಕಟ್ಟೋಣ ಎಂಬುದು ಅದರ ಸಾರ. ಮೇಲಿನವರಿಗೆ ಎರೆದರೆ ಕೆಳಗಿನವರಿಗೆ ಸೋರುತ್ತದಂತೆ! ಇತ್ತ ಸ್ನೂಕರಿನ ನಿಯಮ ಗೋಡೆಗೆ ಬಿದ್ದ ಕಾಲದಲ್ಲೇ, 1882ರಲ್ಲಿ, ಜೋತಿಬಾ ಫುಲೆ ಹಂಟರ್ ಆಯೋಗಕ್ಕೆ ಅಹವಾಲು ಬರೆದು ಕೇಳಿದರು: ತೆರಿಗೆ ಕೊಡುವವನು ರೈತ, ಓದುವವನು ಮೇಲ್ಜಾತಿಯವನು, ಇದೆಂಥ ನ್ಯಾಯ? ಆ ಸೋರಿಕೆಯ ಹನಿ ನಮ್ಮ ಕೇರಿಗೆ ಬರುವಷ್ಟರಲ್ಲಿ ಎಷ್ಟು ತಲೆಮಾರು ಒಣಗಿ ಹೋದವು! ನಮ್ಮ ಮನೆಗಳಲ್ಲಿ ಡಿಗ್ರಿ ಹಿಡಿದ ಮೊದಲಿಗರು ನಾವೇ.

1841ರಲ್ಲಿ ಕ್ಲಬ್ಬು ಹುಟ್ಟಿತು, ರಂಬೋಲ್ಡನ ಮನೆ ಅದರ ಮನೆಯಾಯಿತು. 1947ರಲ್ಲಿ ಬಿಳಿಯರು ಹೋದರು. ಕುರ್ಚಿ ಹೋಗಲಿಲ್ಲ. ಮೆಕಾಲೆ ಬಯಸಿದ ಆ ವರ್ಗ ಬಂದು ಕೂತಿತು.

ಯಾಕ್ರೀ ಹೀಗೆ ಅಂದರೆ, 'ಇದು ಖಾಸಗಿ, ಸದಸ್ಯರಿಗೆ ಮಾತ್ರ' ಅಂತಾರೆ. ಈ ಮಾತನ್ನು ನಾವು ಮೊದಲೂ ಕೇಳಿದ್ದೇವೆ. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದಾಗ ಸವರ್ಣೀಯರು ಕೋರ್ಟಿಗೆ ಹೋಗಿ ಹೇಳಿದ್ದೂ ಇದನ್ನೇ: ಕೆರೆ ಖಾಸಗಿ, ನಮ್ಮದು. ಅದು ಸುಳ್ಳೆಂದು ಬಾಂಬೆ ಹೈಕೋರ್ಟ್ ಹೇಳಿದ್ದು 1937ರಲ್ಲಿ. ಹತ್ತು ವರ್ಷ! ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಎಲ್ಲರಿಗೂ ತೆರೆಯಿತು. ಕ್ಲಬ್ಬು ಮಾತ್ರ 'ಖಾಸಗಿ' ಎಂಬ ಕಂಬಳಿ ಹೊದ್ದು ಮಲಗಿತು.

ಜಾತಿ ಹುಟ್ಟಿನಿಂದ ಬರುತ್ತೆ, ಕ್ಲಬ್ಬಿನ ಸದಸ್ಯತ್ವ ಶಿಫಾರಸಿನಿಂದ ಬರುತ್ತೆ, ಎರಡನ್ನೂ ಒಂದು ಮಾಡಬೇಡಿ ಅಂತಾರೆ ಬುದ್ಧಿವಂತರು. ಸರಿ. ಶಿಫಾರಸು ಮಾಡೋನ ನಂಟು, ಗುರುತು, ಹುದ್ದೆ ಎಲ್ಲಿಂದ ಬಂತು ಸ್ವಾಮಿ? ಒಳಗಿರೋನು ಕೈ ಹಿಡಿದು ಕರೆದರೆ ಮಾತ್ರ ಬಾಗಿಲು ತೆಗೆಯೋದಾದರೆ, ತಲೆತಲಾಂತರ ಹೊರಗಿದ್ದೋನ ಕೈ ಹಿಡಿಯೋರು ಯಾರು?

2014ರಲ್ಲಿ ಚೆನ್ನೈನ ಒಂದು ಕ್ಲಬ್ಬು ಪಂಚೆ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಬಾಗಿಲಲ್ಲಿ ತಡೆಯಿತು. ಅದೇ ವರ್ಷ ತಮಿಳುನಾಡು ಸರಕಾರ ಕಾನೂನು ಮಾಡಿ ಪಂಚೆಗೆ ಬಾಗಿಲು ತೆರೆಸಿತು. ಒಳ್ಳೆಯದೇ. ಆದರೆ ಪಂಚೆ ಉಟ್ಟು ಚಹಾ ತೋಟಕ್ಕೆ ಹೋಗುವವನಿಗೆ ಯಾವ ಕಾನೂನು ತೆರೆದಿದೆ? ನ್ಯಾಯಮೂರ್ತಿಗೆ ಆದ ಅವಮಾನ ಒಂದು ವರ್ಷದೊಳಗೆ ಕಾನೂನಾಯಿತು. ಕೇರಿಯ ಅವಮಾನ ಇನ್ನೂ ಕತೆಯಾಗಿಯೇ ಉಳಿದಿದೆ.

ನಮಗೆ ಆ ಕುರ್ಚಿಯ ಮೇಲೆ ಆಸೆಯಿಲ್ಲ. ನಾಲ್ಕು ಜನ ದಲಿತರನ್ನು ಒಳಗೆ ಕೂರಿಸಿ ಕಂಬಗಳಿಗೆ ಮತ್ತೆ ಸುಣ್ಣ ಬಳಿಯುವ ಆಟವೂ ಬೇಡ. ನಮಗೆ ಬೇಕಾದದ್ದು ಲೆಕ್ಕ. ನೆಲದ ಲೆಕ್ಕ, ಬಡ್ಡಿಯ ಲೆಕ್ಕ, ಹೆಗಲಿನ ಲೆಕ್ಕ.

ಹಳ್ಳಿಯ ಮೇಷ್ಟರುಗಳೇ, ನಿಮ್ಮ ಮಕ್ಕಳಿಗೆ ಸ್ನೂಕರ್ ಹುಟ್ಟಿದ ಕತೆ ಹೇಳುವುದಾದರೆ ಹೇಳಿ. ಅದರ ಜೊತೆಗೇ, ನಿಮ್ಮ ತಾತ ಯಾರನ್ನು ಹೊತ್ತಿದ್ದ, ಕೂಲಿ ಎಷ್ಟು ಸಿಕ್ಕಿತ್ತು ಅಂತ ಮನೆಯಲ್ಲಿ ಕೇಳಿ ಬರೆದುಕೊಂಡು ಬರಲು ಹೇಳಿ. ಮುದುಕರು ಸಾಯುತ್ತಿದ್ದಾರೆ. ಅವರ ಹೆಗಲ ಮೇಲಿನ ಕಾಯಿ ಇನ್ನೂ ಅಳಿಸಿಲ್ಲ. ನಮ್ಮ ಚರಿತ್ರೆಯ ಮೊದಲ ಪುಟ ಅದೇ.