ನಿಮ್ಮ ಲೀಡರ್ ಯಾರಮ್ಮಾ?

ಮೈಸೂರಿನ ರಾಮಸ್ವಾಮಿ ಸರ್ಕಲ್ ಹೆಸರು ಕೇಳಿದಾಗಲೆಲ್ಲ ಅದು ಯಾರೋ ದೊಡ್ಡ ರಾಜಕಾರಣಿಯದಿರಬೇಕು ಎಂದುಕೊಂಡಿದ್ದೆ. ರಾಮಸ್ವಾಮಿ ಹಾರ್ಡ್ವಿಕ್ ಶಾಲೆಯ ಹುಡುಗ, ನನಗಿಂತ ಚಿಕ್ಕವನು ಎಂದು ತಿಳಿದದ್ದು ಈಚೆಗೆ.

1947ರ ಆಗಸ್ಟ್‌ನಲ್ಲಿ ದೇಶಕ್ಕೇನೋ ಸ್ವಾತಂತ್ರ್ಯ ಬಂತು. ಮೈಸೂರು ಸಂಸ್ಥಾನದ ಆಡಳಿತ ಮಾತ್ರ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಕೈಯಲ್ಲೇ ಉಳಿಯಿತು. ಜನರ ಸರ್ಕಾರ ಬೇಕೆಂದು ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಉತ್ತರವಾಗಿ ಸಿಕ್ಕಿದ್ದು ಬಂಧನ ಮತ್ತು ಗುಂಡು. ರಾಮಸ್ವಾಮಿ ಬಲಿಯಾದದ್ದು ಆಗಲೇ. ಕೊನೆಗೆ ಮಹಾರಾಜರು ಒಪ್ಪಿದರು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಅಕ್ಟೋಬರ್‌ನಲ್ಲಿ ಒಪ್ಪಿದ್ದನ್ನು ಆಗಸ್ಟ್‌ನಲ್ಲೇ ಒಪ್ಪಿದ್ದರೆ ಆ ಹುಡುಗ ಬದುಕುತ್ತಿದ್ದ ಎಂದು ನನಗನ್ನಿಸುತ್ತದೆ.

ನಮ್ಮ ಕಥೆ ಅಷ್ಟು ದೊಡ್ಡದಲ್ಲ. ನಾವಿರುವುದು ಬೊಮ್ಮಸಂದ್ರದಲ್ಲಿ. ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ಅಂಕಪಟ್ಟಿ ಬರುವುದು ತಿಂಗಳುಗಟ್ಟಲೆ ತಡವಾಯಿತು. ಅದನ್ನು ಕೇಳಲು ನಲವತ್ತು ಮಂದಿ ಆಫೀಸಿನ ಮುಂದೆ ನಿಂತೆವು. ಘೋಷಣೆ ಕೂಡ ಕೂಗಲಿಲ್ಲ. ಮರುದಿನ ಅಪ್ಪನಿಗೆ ಫೋನ್ ಹೋಯಿತು. ಅರ್ಧ ದಿನದ ಸಂಬಳ ಬಿಟ್ಟು ಬಂದ ಅಪ್ಪ, ನನ್ನ ಪರವಾಗಿ ತಪ್ಪೊಪ್ಪಿಗೆ ಬರೆದುಕೊಟ್ಟರು. ಅಂಕಪಟ್ಟಿ ಕೈಗೆ ಬರುವಷ್ಟರಲ್ಲಿ ನನ್ನ ಗೆಳತಿಗೆ ಸಿಗಬೇಕಿದ್ದ ಕೆಲಸ ತಪ್ಪಿಹೋಗಿತ್ತು.

ವಾಪಸು ಬರುವಾಗ ಅಪ್ಪ ಕೇಳಿದರು: ‘ನಿಮ್ಮ ಲೀಡರ್ ಯಾರಮ್ಮಾ? ಅವರು ಹೋಗಿ ಮಾತಾಡಬೇಕಿತ್ತಲ್ವಾ?’ ಅಪ್ಪನ ಕಾರ್ಖಾನೆಯಲ್ಲಿ ಯೂನಿಯನ್ ಇದೆ. ಕ್ಯಾಂಟೀನ್ ಊಟ ಕೆಟ್ಟರೂ ಪದಾಧಿಕಾರಿಗಳು ಮ್ಯಾನೇಜರ್ ಎದುರು ಕೂತು ಮಾತಾಡುತ್ತಾರೆ. ನಮಗೆ ಅಂಥವರು ಯಾರೂ ಇರಲಿಲ್ಲ. ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತು ಮೂರು ದಶಕಗಳೇ ಕಳೆದಿವೆ.

ಚುನಾವಣೆ ಬಂದರೆ ಜಾತಿ, ಹಣ, ಹೊಡೆದಾಟವೂ ಬರುತ್ತವೆ ಎನ್ನುತ್ತಾರೆ ಹಿರಿಯರು. ಆ ಭಯ ಸುಳ್ಳಲ್ಲ. ಆದರೆ ಅದಕ್ಕೆ ಮದ್ದೂ ಇದೆ. 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಲಿಂಗ್ಡೊ ಸಮಿತಿಯ ಶಿಫಾರಸುಗಳ ಪ್ರಕಾರ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಶೇ 75ರಷ್ಟು ಹಾಜರಾತಿ ಇರಬೇಕು, ಮುದ್ರಿತ ಪೋಸ್ಟರ್ ಹಾಕುವಂತಿಲ್ಲ. ಹದಿನೆಂಟಕ್ಕೆ ಶಾಸಕರನ್ನು ಆರಿಸಬಲ್ಲ ನಾವು ತರಗತಿಯ ಪ್ರತಿನಿಧಿಯನ್ನು ಆರಿಸಲಾರೆವೇ?

ಬೆಂಗಳೂರಿನಲ್ಲಿ ಪ್ರತಿಭಟನೆಗೆ ಈಗಿರುವ ಜಾಗ ಫ್ರೀಡಂ ಪಾರ್ಕ್, ಹಿಂದೆ ಸೆಂಟ್ರಲ್ ಜೈಲಾಗಿದ್ದ ಸ್ಥಳ. ಬೊಮ್ಮಸಂದ್ರಕ್ಕೆ ಮೆಟ್ರೊ ಬಂದಿದೆ, ಅಲ್ಲಿಗೆ ಹೋಗುವುದು ಕಷ್ಟವಲ್ಲ. ಆದರೆ ಒಂದು ಅಂಕಪಟ್ಟಿಗಾಗಿ ಅಲ್ಲಿಯವರೆಗೆ ಯಾಕೆ ಹೋಗಬೇಕು? ಪ್ರಾಂಶುಪಾಲರ ಕೋಣೆಯಲ್ಲಿ ನಮಗಾಗಿ ಒಂದು ಕುರ್ಚಿ ಇದ್ದರೆ ಸಾಕು. ಅದರಲ್ಲಿ ಯಾರು ಕೂರಬೇಕು ಎಂಬುದನ್ನು ನಾವೇ ಆರಿಸಿಕೊಳ್ಳುತ್ತೇವೆ. ಆಗ ಅಪ್ಪಂದಿರು ಅರ್ಧ ದಿನದ ಸಂಬಳ ಬಿಟ್ಟು ತಪ್ಪೊಪ್ಪಿಗೆ ಬರೆಯಲು ಬರಬೇಕಾಗುವುದಿಲ್ಲ.