ಪರೀಕ್ಷೆಗೆ ಒಂದೆಲಗ: ತಿನ್ನಿಸಬೇಕೇ, ಬೇಡವೇ?

ಹಳಿಯಾಳ ತಾಲ್ಲೂಕಿನ ತೇರಗಾಂವದ ಕಡೆ ಮಳೆಗಾಲದಲ್ಲಿ ಗದ್ದೆಯ ಬದುವಿನ ತುಂಬ ಒಂದೆಲಗ. ಮಾರ್ಚ್ ಬಂತೆಂದರೆ ಬಾವಿಯ ಬುಡದಲ್ಲೋ ಬಚ್ಚಲ ನೀರು ಹರಿಯುವಲ್ಲೋ ಹುಡುಕಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಆಗಲೇ. ನೆನಪಿನ ಶಕ್ತಿ ಹೆಚ್ಚಲೆಂದು ಮಕ್ಕಳಿಗೆ ಈ ಎಲೆ ತಿನ್ನಿಸುವುದರಲ್ಲಿ ಅರ್ಥವಿದೆಯೇ?

ಪರ

ಇದೆ. ಚರಕ ಸಂಹಿತೆ ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಮಂಡೂಕಪರ್ಣಿಯ ರಸವೂ ಒಂದು. ಅದೇ ನಮ್ಮ ಒಂದೆಲಗ. ಹಳೆಯ ಗ್ರಂಥದಲ್ಲಿದೆ ಎಂಬ ಒಂದೇ ಕಾರಣಕ್ಕೆ ನಂಬಬೇಕಿಲ್ಲ. ಮಣಿಪಾಲದ ಸಂಶೋಧಕರು ಬೆಳೆಯುವ ಹಂತದ ಇಲಿಮರಿಗಳಿಗೆ ಕೆಲವು ವಾರ ತಾಜಾ ಎಲೆಯ ರಸ ಕುಡಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಿದುಳಿನಲ್ಲಿ ನೆನಪಿನ ಕೆಲಸ ನೋಡಿಕೊಳ್ಳುವ ಹಿಪೊಕ್ಯಾಂಪಸ್‌ನ ನರಕೋಶಗಳು ಹೆಚ್ಚು ಕವಲೊಡೆದಿದ್ದವು.

ಅಮೆರಿಕದಲ್ಲಿ 3,562 ಹಿರಿಯರ ಮೇಲೆ ಮೂರು ವರ್ಷ ನಡೆದ ಇನ್ನೊಂದು ಅಧ್ಯಯನ 2023ರಲ್ಲಿ ಹೊರಬಂತು. ಅಲ್ಲಿ ಪರೀಕ್ಷಿಸಿದ್ದು ಕೋಕೋದ ಫ್ಲೇವನಾಲ್ ಎಂಬ ಸಸ್ಯಾಂಶ. ಒಟ್ಟು ಗುಂಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಯಾರ ಊಟದಲ್ಲಿ ಆ ಅಂಶ ಮೊದಲೇ ಕಡಿಮೆಯಿತ್ತೋ ಅವರ ನೆನಪು ಸುಧಾರಿಸಿತ್ತು. ಕೊರತೆಯಿದ್ದಲ್ಲಿ ಸಸ್ಯಾಂಶ ಕೈಹಿಡಿಯುತ್ತದೆ ಎಂದಾಯಿತು. ಬರೀ ಅನ್ನ ಸಾರು ಉಂಡು, ಸಂಜೆಗೆ ಐದು ರೂಪಾಯಿಯ ಚಿಪ್ಸ್ ಪೊಟ್ಟಣ ಹರಿಯುವ ಮಗುವಿಗೆ ಇಂಥ ಕೊರತೆ ಇಲ್ಲವೆನ್ನಲು ಬರುತ್ತದೆಯೇ?

ಒಂದೆಲಗಕ್ಕೆ ಖರ್ಚೂ ಇಲ್ಲ. ಒಂದು ಹಿಡಿ ಎಲೆ, ತುಪ್ಪದಲ್ಲಿ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು, ಕಾಯಿತುರಿ. ನುಣ್ಣಗೆ ರುಬ್ಬಿ ಮಜ್ಜಿಗೆ ಬೆರೆಸಿದರೆ ಶಿರಸಿ, ಸಿದ್ದಾಪುರದವರ ತಂಬುಳಿ. ಪರೀಕ್ಷೆಯ ಹಿಂದಿನ ವಾರ ಗಡಿಬಿಡಿ ಮಾಡುವ ಬದಲು ಮಳೆಗಾಲದಿಂದಲೇ ಊಟಕ್ಕೆ ಬರಲಿ.

ವಿರೋಧ

ತಂಬುಳಿಯ ಬಗ್ಗೆ ತಕರಾರಿಲ್ಲ, ನಾನೂ ಸುರಿದುಕೊಂಡು ಉಣ್ಣುವವನೇ. ‘ನೆನಪಿಗೆ’ ಎಂದು ಹೇಳಿ ಬಡಿಸುವುದಕ್ಕೆ ನನ್ನ ವಿರೋಧ. ಇಲಿಮರಿಗಳು ಎಸ್ಸೆಸ್ಸೆಲ್ಸಿ ಬರೆಯುವುದಿಲ್ಲ. ಒಂದೆಲಗವನ್ನು ಮನುಷ್ಯರಿಗೇ ಕೊಟ್ಟು ನೋಡಿದ ಪ್ರಯೋಗಗಳನ್ನು 2017ರಲ್ಲಿ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಲವಲವಿಕೆ ತುಸು ಹೆಚ್ಚಬಹುದೆಂದು ಕಂಡಿತೇ ಹೊರತು ನೆನಪಿಗೆ ಗಟ್ಟಿ ಲಾಭ ಕಾಣಲಿಲ್ಲ. ಕೋಕೋ ತಿಂದ ಅಮೆರಿಕದ ಅಜ್ಜ ಅಜ್ಜಿಯರ ಫಲಿತಾಂಶವನ್ನು ನಮ್ಮ ಹತ್ತನೇ ತರಗತಿಯ ಹುಡುಗನ ತಟ್ಟೆಗೆ ತಂದು ಹಾಕುವುದಂತೂ ದೊಡ್ಡ ಜಿಗಿತ.

ಒಂದೆಲಗಕ್ಕೆ ಬ್ರಾಹ್ಮಿ ಎಂಬ ಹೆಸರೂ ಇದೆ. ಆದರೆ ಅಂಗಡಿಯವರು ‘ಬ್ರಾಹ್ಮಿ’ ಎಂದು ಕೊಡುವ ಸಿರಪ್ಪಿನಲ್ಲಿ ಬಹಳ ಸಲ ಇರುವುದು ನೀರುಬ್ರಾಹ್ಮಿ. ಗಿಡ ಬೇರೆ, ಕುಟುಂಬ ಬೇರೆ, ಒಳಗಿನ ರಾಸಾಯನಿಕವೂ ಬೇರೆ. ಅದರ ಪರವಾಗಿ ಒಂದಿಷ್ಟು ಪುರಾವೆ ಇದೆ, ಒಪ್ಪೋಣ. ಆಸ್ಟ್ರೇಲಿಯಾದಲ್ಲಿ 40ರಿಂದ 65 ವಯಸ್ಸಿನ 76 ಜನರ ಮೇಲೆ ಮೂರು ತಿಂಗಳು ನಡೆಸಿದ ಪ್ರಯೋಗದ ವರದಿ 2002ರಲ್ಲಿ ಬಂತು: ಹೊಸದಾಗಿ ಕಲಿತದ್ದು ಮರೆಯುವ ವೇಗ ತಗ್ಗಿತ್ತು, ಕಲಿಯುವ ವೇಗ ಮಾತ್ರ ಇದ್ದಷ್ಟೇ ಇತ್ತು. ಆ ಗಿಡದ ಹೆಸರಿನಲ್ಲಿ ಈ ಗಿಡಕ್ಕೆ ಅಂಕ ಕೊಡುವುದು ಹೇಗೆ?

ಕೊರತೆಯ ಮಾತೇ ಆದರೆ ಕಬ್ಬಿಣಾಂಶದಿಂದ ಶುರು ಮಾಡಿ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಕಬ್ಬಿಣ ಕಡಿಮೆಯಾದ ಮಗುವಿಗೆ ಪಾಠದ ಮೇಲೆ ಗಮನ ನಿಲ್ಲುವುದಿಲ್ಲ. ಗಮನವಿಟ್ಟು ಕೇಳದ್ದು ನೆನಪಿನಲ್ಲಿ ಉಳಿಯುವುದೆಲ್ಲಿಂದ ಬಂತು? ಬೆಳಿಗ್ಗೆ ಒಂದೆಲಗದ ರಸ ಕುಡಿಸಿದ ತಾಯಿಯೇ ರೊಟ್ಟಿಯ ಜೊತೆ ಲೋಟದ ತುಂಬ ಚಹಾ ಇಡುತ್ತಾಳೆ. ರೊಟ್ಟಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತದಂತೆ ಮಾಡುವುದು ಆ ಚಹಾದ ಟ್ಯಾನಿನ್. ಅದೂ ಸಸ್ಯದ ಅಂಶವೇ, ಆದರೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಚಹಾ ಒಂದು ತಾಸು ಆಚೆಗೆ ಹೋಗಲಿ, ಪಲ್ಯದ ಮೇಲೆ ನಿಂಬೆ ಹಿಂಡಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆಯನ್ನು ಮಗ ನುಂಗಿದನೋ ಕಿಟಕಿಯಾಚೆ ಎಸೆದನೋ, ಅದನ್ನೂ ಒಮ್ಮೆ ಕೇಳಲಿ.