ಗೋಡೆಯ ಬಣ್ಣವೂ ಮನೆಯೊಡತಿಯ ಕಣ್ಣೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಇತ್ತೀಚೆಗೆ ಕಟ್ಟಿದ ಹತ್ತು ಮನೆಗಳನ್ನು ಹೊಕ್ಕು ನೋಡಿದರೆ, ಒಂದೇ ಮನೆಯನ್ನು ಹತ್ತು ಸಲ ಹೊಕ್ಕಂತಾಗುವದು. ಪಡಸಾಲೆಯ ಒಂದು ಗೋಡೆಗೆ ಕಡುನೇರಳೆ ಇಲ್ಲವೆ ಉರಿಗೆಂಪು, ಉಳಿದ ಮೂರಕ್ಕೆ ಕೆನೆಬಣ್ಣ, ಮೇಲೆ ಪಿ.ಓ.ಪಿ. ಛತ್ತು, ಅದರ ಸಂದಿಯಲ್ಲಿ ನೀಲಿ ದೀಪ. ಇದಕ್ಕೆ ‘ಸ್ವಂತ ಅಭಿರುಚಿ’ ಎಂದು ಹೆಸರು. ಅಂಗಡಿಯ ಬಣ್ಣದ ಪುಸ್ತಕದಲ್ಲಿ ಅಂಕೆ ನೋಡಿ ಆರಿಸಿದ್ದು, ಯಂತ್ರವು ಕಲಸಿ ಕೊಟ್ಟದ್ದು, ನೆರೆಮನೆಯಲ್ಲಿಯೂ ಇರುವಂಥದು ಸ್ವಂತದ್ದು ಹೇಗಾದೀತು?

ಈ ಸೀಮೆಯ ಜನರಿಗೆ ಬಣ್ಣದ ಜ್ಞಾನವಿಲ್ಲವೆಂದು ಯಾರೂ ಹೇಳಲಾರರು. ನಿಪ್ಪಾಣಿಯ ವ್ಯಾಪಾರಿಯು ತಂಬಾಕಿನ ಎಲೆಯ ವರ್ಣವನ್ನು ನೋಡಿ ಅದರ ತರವನ್ನು ಹೇಳಬಲ್ಲನು. ರೈತನು ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಬಣ್ಣದಿಂದ ಬೆಲ್ಲದ ಹದವನ್ನು ತಿಳಿಯುವನು. ಗೃಹಿಣಿಯಾದರೋ ಇಳಕಲ್ಲ ಸೀರೆಯನ್ನು ಕೊಳ್ಳುವಾಗ ಮೈಗೆ ದಡಿ ಒಪ್ಪುವದೋ, ದಡಿಗೆ ಸೆರಗು ಒಪ್ಪುವದೋ ಎಂದು ಬಿಸಿಲಿಗೆ ಹಿಡಿದು ನೋಡುವಳು. ಮೊನ್ನೆ ಮೊನ್ನೆಯ ವರೆಗೆ ಹಬ್ಬದ ಮುಂಚೆ ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದು, ನೆಲ ಸಾರಿಸಿ ರಂಗೋಲಿ ಹಾಕಿದವಳೂ ಅವಳೇ. ಇಷ್ಟು ಬಲ್ಲವಳನ್ನು ಹೊಸಮನೆಯ ಗೋಡೆಯ ವಿಷಯದಲ್ಲಿ ಕೇಳುವವರೇ ಇಲ್ಲ. ಗಂಡನೂ ಗುತ್ತಿಗೆದಾರನೂ ಅಂಗಡಿಯಲ್ಲಿ ಕುಳಿತು ನಿಶ್ಚಯಿಸಿ ಬರುವರು; ದಿನದ ಬಹುಭಾಗವನ್ನು ಆ ಗೋಡೆಗಳ ನಡುವೆ ಕಳೆಯುವವಳು ಅದನ್ನು ಸಹಿಸಬೇಕು. ಮುಖ್ಯ ಆಕ್ಷೇಪವಿರುವದು ಈ ಅನ್ಯಾಯಕ್ಕೆ.

ಹಿಂದಿನವರು ಗೋಡೆಯ ವಿಚಾರವನ್ನು ಹೀಗೆ ಅಲಕ್ಷಿಸಿದ್ದಿಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ವಾಸದ ಮನೆಯಲ್ಲಿ ಶೃಂಗಾರ, ಹಾಸ್ಯ, ಶಾಂತರಸಗಳ ಚಿತ್ರಗಳು ಮಾತ್ರ ಇರಬೇಕೆಂದು ವಿಧಿಸಿ, ಉಳಿದ ರಸಗಳನ್ನು ದೇವಾಲಯಕ್ಕೂ ರಾಜಸಭೆಗೂ ಬಿಟ್ಟಿರುವದು. 12ನೆಯ ಶತಮಾನದಲ್ಲಿ ಈ ನಾಡನ್ನಾಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಭಿತ್ತಿಯನ್ನು ನುಣುಪುಗೊಳಿಸಿ, ವಜ್ರಲೇಪವನ್ನಿತ್ತ ತರುವಾಯವೇ ಬಣ್ಣಕ್ಕೆ ಕೈಹಾಕಲು ಹೇಳುವದು. ಇವೆರಡರ ತಾತ್ಪರ್ಯವು ಸ್ಪಷ್ಟವಾಗಿದೆ: ವಾಸಿಸುವವರ ಮನಸ್ಸಿಗೆ ಒಪ್ಪುವದೇ, ಗೋಡೆಗೆ ಒಪ್ಪುವದೇ ಎಂಬ ಎರಡು ಪ್ರಶ್ನೆಗಳು ಮೊದಲು, ಬಣ್ಣವು ಆಮೇಲೆ.

ಗೋಡೆಗೆ ಯಾವದು ಒಪ್ಪುವದೆಂಬದನ್ನು ಕೃಷ್ಣಾತೀರದವರಿಗೆ 2005, 2019, 2021ರ ನೆರೆಗಳೇ ಕಲಿಸಿರಬೇಕು. ನೀರು ಕುಡಿದ ಗೋಡೆಯು ಒಣಗಬೇಕಾದರೆ ತೇವವು ಹೊರಬೀಳಲು ಹಾದಿ ಬೇಕು. ಸುಣ್ಣವು ಆ ಹಾದಿಯನ್ನು ಬಿಡುವದು. ಎಣ್ಣೆಬಣ್ಣವು ಅದನ್ನು ಮುಚ್ಚಿ, ಕೆಲದಿನಗಳಲ್ಲಿ ತಾನೇ ಹಪ್ಪಳದಂತೆ ಎದ್ದು ಉದುರುವದು. ಉದುರಿದ ಚಕ್ಕೆಯನ್ನು ಕೂಸು ಬಾಯಿಗೆ ಹಾಕಿಕೊಳ್ಳುವದು. ಹಳದಿ, ಕೆಂಪು ಬಣ್ಣಗಳಲ್ಲಿ ಸೀಸದ ಲವಣಗಳನ್ನು ಬಳಸುವ ರೂಢಿಯಿತ್ತು. ಸೀಸವು ಮಕ್ಕಳ ಬುದ್ಧಿಗೇ ಕೇಡು ಮಾಡುವದು. ಅದಕ್ಕಾಗಿಯೇ ಕೇಂದ್ರ ಸರಕಾರವು 2016ರಲ್ಲಿ ನಿಯಮ ಮಾಡಿ, ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂದು 2017ರ ನವೆಂಬರದಿಂದ ಜಾರಿಗೆ ತಂದಿತು. ಡಬ್ಬಿಯ ಮೇಲೆ ಅದನ್ನು ಓದಿ ಕೊಳ್ಳುವವರೆಷ್ಟು ಜನ? ಹಳೆಯ ಬಣ್ಣವನ್ನು ಕೆರೆಯುವಾಗ ಮಕ್ಕಳನ್ನು ದೂರವಿಡುವವರೆಷ್ಟು ಜನ?

ಮಣ್ಣಿನ ಮನೆಗಳು ನೆರೆಯಲ್ಲಿ ಬಿದ್ದವಲ್ಲ, ವರ್ಷ ವರ್ಷವೂ ಸುಣ್ಣ ಬಳಿಯುವವರಾರು ಎಂದು ಪ್ರತಿಪಕ್ಷದವರು ಕೇಳುವರು. ಎರಡೂ ಮಾತುಗಳು ನಿಜ. ಇಟ್ಟಿಗೆ ಸಿಮೆಂಟುಗಳ ಮನೆ ಬೇಡವೆನ್ನುವದು ಮೂರ್ಖತನ. ಸುಣ್ಣ ಬಳಿಯುವ ದುಡಿತವನ್ನು ಮತ್ತೆ ಹೆಣ್ಣುಮಗಳ ಮೇಲೆ ಹೊರಿಸುವದು ಕ್ರೌರ್ಯ. ಆದರೆ ದುಡಿತವು ತಪ್ಪಿದೊಡನೆ ಅವಳ ಅಧಿಕಾರವೂ ತಪ್ಪಬೇಕೆಂಬದು ಯಾವ ನ್ಯಾಯ?

ಮನೆ ಕಟ್ಟುವವರು ಇಷ್ಟಾದರೂ ಮಾಡಲಿ. ಬಣ್ಣದ ಪುಸ್ತಕವನ್ನು ಅಂಗಡಿಯಿಂದ ತರಿಸಿ ಮನೆಯೊಡತಿಯ ಕೈಗೆ ಕೊಡಲಿ. ಗೋಡೆಯ ಮೇಲೆ ಮೊಳದಗಲ ಬಳಿಯಿಸಿ, ಮುಂಜಾನೆ, ಮಧ್ಯಾಹ್ನ, ದೀಪದ ಹೊತ್ತುಗಳಲ್ಲಿ ಅವಳು ನೋಡುವ ವರೆಗೆ ತಾಳಲಿ. ಬೆಳಕು ಕಡಿಮೆಯಾದ ನಡುಮನೆಗೆ ತಿಳಿಬಣ್ಣವನ್ನೂ, ತೇವದ ಗೋಡೆಗೆ ಸುಣ್ಣವನ್ನೂ ಮೊದಲು ವಿಚಾರಿಸಲಿ. ಇಷ್ಟೆಲ್ಲ ಆದ ಮೇಲೆ ಅವಳು ಆ ಕಡುನೇರಳೆಯನ್ನೇ ಆರಿಸಿದರೆ ಯಾರೂ ಮೂಗು ಮುರಿಯಕೂಡದು. ಆಗ ಅದು ನಿಜವಾಗಿ ಆ ಮನೆಯ ಬಣ್ಣವಾಗುವದು.